ಶೆಡ್ಡಿನ ಅಣ್ಣ ಹೊರಗೆ ಹೋದ ಭಾನುವಾರ

ಹೋದ ತಿಂಗಳು ಅಂಗಡಿ ಖಾಲಿ ಮಾಡುವಾಗ ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿದೆ. ಬಿ.ಟಿ.ಎಂ. ಲೇಔಟಿನಲ್ಲಿ ಹದಿನೈದು ವರ್ಷ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಕೂತಿದ್ದ ಕಟ್ಟಡ ಅದು, ಈಗ ಕೆಡವುತ್ತಾರಂತೆ. ಡಬ್ಬಿಯಲ್ಲಿ ಹಳೆಯ ಕೇಬಲ್ಲುಗಳು, ಗುಂಡಿ ಕಿತ್ತುಹೋದ ಕೀಬೋರ್ಡು, ಎರಡು ಸತ್ತ ಹಾರ್ಡ್‌ಡಿಸ್ಕು. ಎಲ್ಲದರ ಅಡಿಯಲ್ಲಿ ಅಂಗೈಯಗಲದ ಒಂದು ಹಸಿರು ನೆಟ್‌ವರ್ಕ್ ಕಾರ್ಡು ಸಿಕ್ಕಿತು. ಅದರ ತಗಡಿನ ಪಟ್ಟಿಗೆ ಹೂಕಟ್ಟುವ ದಾರದಿಂದ ಒಂದು ಚೀಟಿ ಕಟ್ಟಿತ್ತು. ನೀಲಿ ಇಂಕು ಮಾಸಿದ್ದರೂ ದುಂಡಗಿನ ಅಕ್ಷರ ಓದುವಂತಿತ್ತು: "ಅರ್ಧ ಗಂಟೆಗೆ ಸುಮ್ಮನಾಗುತ್ತೆ."

ಚೀಟಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಸಾಮಾನು ಸಾಗಿಸುವವರು ಎರಡು ಸಲ ಕರೆದರು. ನನಗೆ ಏಳಲು ಆಗಲಿಲ್ಲ...

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿರಬೇಕು. ಗದಗದ ಕಡೆಯಿಂದ ಬಂದ ನಾನು ಜಯನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಕೆಲಸಕ್ಕಿದ್ದೆ. ಬಿಡಿಭಾಗ ತಂದು ಜೋಡಿಸಿ, ಸ್ಕೂಟರಿನ ಮೇಲೆ ಒಯ್ದು ಕೂರಿಸಿ, ಕೆಟ್ಟರೆ ಹೋಗಿ ಬೈಸಿಕೊಂಡು ಬರುವುದು ನನ್ನ ಕೆಲಸ. ಆ ವರ್ಷ ನಮ್ಮ ಮಾಲೀಕರು ಬನಶಂಕರಿಯ ಒಂದು ಶಾಲೆಗೆ ಇಪ್ಪತ್ತು ಕಂಪ್ಯೂಟರ್ ಕೊಟ್ಟಿದ್ದರು. ಅವುಗಳಲ್ಲಿ ಹಾಕಿದ್ದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್. ದುಡ್ಡು ಕೊಡಬೇಕಿಲ್ಲ ಅನ್ನುವುದೊಂದೇ ನಮ್ಮ ಮಾಲೀಕರಿಗೆ ಗೊತ್ತಿದ್ದ ಅದರ ಗುಣ.

ಮೊದಲ ವಾರದಿಂದಲೇ ತೊಂದರೆ ಶುರುವಾಯಿತು. ಪಾಠ ಶುರುವಾಗಿ ಅರ್ಧ ಗಂಟೆಗೆ ಒಂದೊಂದೇ ಯಂತ್ರದ ನೆಟ್‌ವರ್ಕ್ ಕಾರ್ಡು ಸುಮ್ಮನಾಗಿಬಿಡುತ್ತಿತ್ತು. ಆರಿಸಿ ಹೊತ್ತಿಸಿದರೆ ಸರಿ, ಮತ್ತೆ ಅರ್ಧ ಗಂಟೆಗೆ ಅದೇ ಕಥೆ. ಕಾರ್ಡು ಬದಲಿಸಿದೆ, ತಂತಿ ಬದಲಿಸಿದೆ, ಕೊನೆಗೆ ಕರೆಂಟಿನವನನ್ನೂ ಕರೆಸಿದೆ. ಶಾಲೆಯ ಹೆಡ್‌ಮಿಸ್ ಒಂದು ದಿನ ಮಕ್ಕಳ ಮುಂದೆಯೇ, "ನಿಮಗೆ ಬರಲ್ಲ ಅಂದ್ರೆ ಬರಲ್ಲ ಅನ್ನಿ, ಎಲ್ಲಾ ವಾಪಸ್ ತಗೊಂಡು ಹೋಗಿ" ಅಂದರು. ಮಾಲೀಕರು ನನಗೆ ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಯಾಗದಿದ್ದರೆ ಮೊದಲು ಹೋಗುವವನು ನಾನೇ ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಬಿಡಿಭಾಗ ಮಾರುವವನೊಬ್ಬ ಹೇಳಿದ, "ಜೆ.ಪಿ. ನಗರ ದಾಟಿದ್ ಮೇಲೆ ಒಂದು ಖಾಲಿ ಜಾಗದಲ್ಲಿ ಒಬ್ರು ಇದಾರೆ ಗುರು, ಶೆಡ್ಡಲ್ಲಿ. ಡ್ರೈವರ್ ಸರಿ ಮಾಡ್ತಾರೆ. ಅಲ್ಲೇ ಸಿಗ್ತಾರೆ, ಯಾವಾಗ ಹೋದ್ರೂ."

ಯಾವಾಗ ಹೋದರೂ ಸಿಗುತ್ತಾರೆ ಅನ್ನುವುದರ ಅರ್ಥ ಆಗ ನನಗೆ ಗೊತ್ತಿರಲಿಲ್ಲ.

ಜರಗನಹಳ್ಳಿಯ ಮುಖ್ಯರಸ್ತೆಯಿಂದ ಕೂಗಳತೆಯಷ್ಟು ಒಳಗೆ, ಹೊಸದಾಗಿ ಏಳುತ್ತಿದ್ದ ಮನೆಗಳ ನಡುವೆ, ಮುಳ್ಳುತಂತಿ ಎಳೆದ ಅರ್ಧ ಎಕರೆ. ಒಳಗೆ ಒಂದು ಬೇವಿನ ಮರ, ಮರದ ಬುಡದಲ್ಲಿ ಅರಿಶಿನ ಬಳಿದ ಒಂದು ಕಲ್ಲು, ಮೂಲೆಯಲ್ಲಿ ತಗಡಿನ ಶೆಡ್ಡು. ಕಬ್ಬಿಣದ ಗೇಟಿಗೆ ಒಳಗಿನಿಂದ ಬೀಗ. ನಾನು ಗೇಟು ಬಡಿದಾಗ ಹೊರಗೆ ಬಂದವರಿಗೆ ಮೂವತ್ತೈದು ಮೂವತ್ತಾರು ವಯಸ್ಸಿದ್ದೀತು. ಸಣಕಲು ದೇಹ, ಪಂಚೆ, ಬನಿಯನ್ನು, ಕಿವಿಯ ಮೇಲೊಂದು ಪೆನ್ಸಿಲ್. ನಾನು ಶಾಲೆಯ ತೊಂದರೆ ಹೇಳುತ್ತಿದ್ದಂತೆ, ಗೇಟು ತೆಗೆಯದೆ ಕಂಬಿಯ ಸಂದಿನಿಂದಲೇ ನಾನು ಒಯ್ದಿದ್ದ ಕಾರ್ಡು ಇಸಕೊಂಡರು. ನನ್ನ ಮುಖ ನೋಡಲಿಲ್ಲ, ಕಾರ್ಡು ನೋಡಿದರು.

"ಎಷ್ಟು ಹೊತ್ತಿಗೆ ನಿಲ್ಲುತ್ತೆ?"

"ಅರ್ಧ ತಾಸಿಗ್ರೀ."

"ಮಕ್ಕಳು ಎಲ್ಲರೂ ಒಟ್ಟಿಗೆ ಕೆಲಸ ಮಾಡುವಾಗ್ಲಾ, ಸುಮ್ನೆ ಇಟ್ಟಾಗ್ಲೂನಾ?"

ಈ ಪ್ರಶ್ನೆ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಎಲ್ಲರೂ ಒಟ್ಟಿಗೆ ಕೂತಾಗ ಮಾತ್ರ ಅಂದೆ. ಅವರು ತಲೆದೂಗಿ ಸೊಂಟದಿಂದ ಬೀಗದಕೈ ತೆಗೆದರು.

ಸುತ್ತಮುತ್ತಲಿನವರೆಲ್ಲ ಅವರನ್ನು ಶೆಡ್ಡಣ್ಣ ಅನ್ನುತ್ತಿದ್ದರು. ನಾನು ಅಣ್ಣಾ ಅಂದೆ. ಹೆಸರು ಹಿಡಿದು ಕರೆಯುವ ಸಂದರ್ಭ ಯಾವತ್ತೂ ಬರಲಿಲ್ಲ.

ಅವರು ಅಲ್ಲಿ ಯಾಕಿದ್ದರು ಅನ್ನುವುದು ನನಗೆ ತಿಳಿದದ್ದು ನಿಧಾನವಾಗಿ. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಲೇಔಟಾಗಿ ಉಳಿದದ್ದು ಈ ಅರ್ಧ ಎಕರೆ. ದೊಡ್ಡಪ್ಪನ ಮಕ್ಕಳು ಅದು ತಮ್ಮದು ಅಂತ ಕೋರ್ಟಿಗೆ ಹೋಗಿದ್ದರು. ಅಣ್ಣನ ತಂದೆ ಸಾಯುವ ಮುಂಚೆ ಲಾಯರು ಹೇಳಿದ ಒಂದು ಮಾತು ಆ ಮನೆಯನ್ನು ಹಿಡಿದುಕೊಂಡಿತ್ತು: ಕೇಸು ಎಷ್ಟು ವರ್ಷ ಬೇಕಾದರೂ ನಡೆಯಲಿ, ಜಾಗ ಯಾರ ಸ್ವಾಧೀನದಲ್ಲಿದೆ ಅನ್ನುವುದು ಮುಖ್ಯ, ಒಂದು ಗಳಿಗೆಯೂ ಖಾಲಿ ಬಿಡಬೇಡಿ. ಹಿರಿಯ ಮಗ ದೊಡ್ಡಣ್ಣನಿಗೆ ಮದುವೆಯಾಗಿತ್ತು, ಕನಕಪುರ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇತ್ತು. ಕಿರಿಯವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮದುವೆ ಆಗಿರಲಿಲ್ಲ. ನೀನೇ ಕೂತುಕೋ ಅಂದರು. ಒಂದಾರು ತಿಂಗಳು ಅಂತ ಕೂತವರು, ನಾನು ನೋಡುವ ಹೊತ್ತಿಗೆ ಐದನೆಯ ವರ್ಷ ನಡೆಯುತ್ತಿತ್ತು.

ಅಡ್ಡ ಹತ್ತಡಿ, ಉದ್ದ ಹನ್ನೆರಡಡಿಯ ಶೆಡ್ಡು. ಮಾರ್ಚಿ ಬಂದರೆ ತಗಡು ಕಾದು ಒಳಗೆ ಕೂರಲಾಗುತ್ತಿರಲಿಲ್ಲ. ಗೋಣಿಚೀಲ ನೆನೆಸಿ ಸೂರಿನ ಮೇಲೆ ಹಾಕುತ್ತಿದ್ದರು. ಮಧ್ಯಾಹ್ನ ಅವರ ಅತ್ತಿಗೆ ನಡೆದು ಬಂದು ಊಟದ ಕ್ಯಾರಿಯರ್ ಕೊಟ್ಟು, ಹಿಂದಿನ ದಿನದ್ದನ್ನು ತೊಳೆದುಕೊಂಡು ಹೋಗುತ್ತಿದ್ದರು. ಕೋರ್ಟಿನ ದಿನ ಮಾತ್ರ ದೊಡ್ಡಣ್ಣ ಬಂದು ಕೂರುತ್ತಿದ್ದರು, ಇವರು ಲಾಯರ ಜೊತೆ ಹೋಗಿ ಸಂಜೆಯೊಳಗೆ ವಾಪಸ್ಸು. ಅದು ಬಿಟ್ಟರೆ ಬೀದಿ ಕೊನೆಯ ಟೀ ಅಂಗಡಿಯೇ ಅವರ ಲೋಕದ ಗಡಿ. ಅಲ್ಲಿ ನಿಂತರೂ ಮುಖ ಗೇಟಿನ ಕಡೆಗೇ ಇರುತ್ತಿತ್ತು.

"ಜೈಲಲ್ಲಾದ್ರೆ ಇಷ್ಟು ದಿನ ಅಂತ ಹೇಳಿ ಒಳಗೆ ಹಾಕ್ತಾರೆ" ಅಂದಿದ್ದರು ಒಮ್ಮೆ, ದೂರಿನ ದನಿಯಲ್ಲಲ್ಲ, ಯಾರದೋ ಕಥೆ ಹೇಳುವವರ ಹಾಗೆ.

ಕಂಪ್ಯೂಟರು ಆ ಶೆಡ್ಡಿಗೆ ಬಂದದ್ದೂ ಕೇಸಿನಿಂದಲೇ. ಆ ವಿಳಾಸಕ್ಕೆ ಕರೆಂಟು ಬಿಲ್ಲು, ಫೋನು ಬಿಲ್ಲು ಬಂದರೆ ಸ್ವಾಧೀನಕ್ಕೆ ಸಾಕ್ಷಿ ಅಂತ ಲಾಯರು ಎರಡೂ ಹಾಕಿಸಿದರು. ಮಾತಾಡಲು ಯಾರೂ ಇಲ್ಲದ ಫೋನು. ಇವರು ಕಾರ್ಖಾನೆಯ ಗೆಳೆಯನಿಂದ ಹಳೆಯದೊಂದು ಕಂಪ್ಯೂಟರು ತರಿಸಿ, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಆ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಶಬ್ದ ಬರಲಿಲ್ಲ. ಸೌಂಡ್ ಕಾರ್ಡಿಗೆ ಡ್ರೈವರ್ ಸರಿಯಿರಲಿಲ್ಲ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರಿಗೆ ಹೊತ್ತು ಕಳೆಯಬೇಕಿತ್ತು... ಹಾಗೆ ಶುರುವಾದದ್ದು.

ಡ್ರೈವರ್ ಅಂದರೆ ಏನು ಎಂದು ನನಗೂ ಅವರೇ ಬಿಡಿಸಿ ಹೇಳಿದ್ದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಅದಕ್ಕೆ ಒಂದೊಂದು ಕಾರ್ಡಿನ ಭಾಷೆಯೂ ಬರುವುದಿಲ್ಲ. ಇಬ್ಬರ ನಡುವೆ ನಿಂತ ದುಭಾಷಿಯೇ ಡ್ರೈವರ್. ದುಭಾಷಿ ಒಂದು ಮಾತು ತಪ್ಪಿದರೂ ಸಾಕು, ಒಳ್ಳೆಯ ಕಾರ್ಡೂ ಸತ್ತಂತೆ. ಅವರ ತಾಯಿ ಹೆಣ್ಣಿನ ಕಡೆಯವರೊಬ್ಬರಿಗೆ ಮಗ ಕಂಪ್ಯೂಟರಿನ ಡ್ರೈವರ್ ಕೆಲಸ ಮಾಡುತ್ತಾನೆ ಅಂದರಂತೆ. ಅವರು ಗಾಡಿ ಎಲ್ಲಿದೆ ಅಂತ ಕೇಳಿದರಂತೆ. ಈ ಕಥೆ ಹೇಳಿ ಅಣ್ಣ ನಕ್ಕರು. ಆಮೇಲೆ ಆ ಸಂಬಂಧವೂ ಬರಲಿಲ್ಲ, ಬೇರೆ ಯಾವುದೂ ಬರಲಿಲ್ಲ. ತಗಡಿನ ಶೆಡ್ಡಿಗೆ ಯಾರು ಹೆಣ್ಣು ಕೊಡುತ್ತಾರೆ.

ಶಾಲೆಯ ಕಾರ್ಡು ಕೈಗೆ ಬಂದ ಮೇಲೆ ಅವರು ಎರಡು ಕಂಪ್ಯೂಟರನ್ನು ತಂತಿಯಿಂದ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಮಾಹಿತಿ ಸುರಿಯತೊಡಗಿದರು. ಇಪ್ಪತ್ತು ಮಕ್ಕಳು ಒಟ್ಟಿಗೆ ಕೂತ ಹಾಗೆ. ಇಪ್ಪತ್ತೇಳನೆಯ ನಿಮಿಷಕ್ಕೆ ಕಾರ್ಡು ಸುಮ್ಮನಾಯಿತು. ಅವರ ಮುಖದಲ್ಲಿ ಕಂಡ ಸಂತೋಷ ನನಗೆ ಆಗ ಅರ್ಥವಾಗಲಿಲ್ಲ. ಕೆಟ್ಟದ್ದು ಕಣ್ಣೆದುರು ಕೆಟ್ಟರೆ ಅರ್ಧ ಕೆಲಸ ಆದ ಹಾಗೆ ಅಂದರು. ಚೀಟಿ ಬರೆದು ಕಟ್ಟಿದ್ದು ಆವತ್ತೇ.

ಉಳಿದರ್ಧಕ್ಕೆ ಮೂರು ವಾರ ಹಿಡಿಯಿತು. ನಾನು ದಿನವೂ ಕೆಲಸ ಮುಗಿಸಿ ಸಂಜೆ ಹೋಗುತ್ತಿದ್ದೆ. ಆ ಡ್ರೈವರಿನ ಬರಹವನ್ನೆಲ್ಲ ಉದ್ದನೆಯ ಪ್ರಿಂಟರ್ ಹಾಳೆಯಲ್ಲಿ ಅಚ್ಚು ಹಾಕಿಸಿ ನೆಲದ ಮೇಲೆ ಹಾಸಿದ್ದರು. ಅದರ ಮೇಲೆ ಮಂಡಿಯೂರಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಡ್ರೈವರ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತಿಳಿಯಲು ಅಲ್ಲಲ್ಲಿ 'ಇಲ್ಲಿಗೆ ಬಂದೆ, ಇಲ್ಲಿಗೆ ಬಂದೆ' ಎಂದು ಪರದೆಯ ಮೇಲೆ ಬರೆಯುವಂತೆ ಮಾಡಿದರು. ಹಾಗೆ ಮಾಡಿದರೆ ದೋಷವೇ ಕಾಣುತ್ತಿರಲಿಲ್ಲ. ಬರೆಯುವುದಕ್ಕೆ ಹಿಡಿಯುವ ಆ ಚೂರು ಹೊತ್ತೇ ಎಲ್ಲವನ್ನೂ ಸರಿಮಾಡಿಬಿಡುತ್ತಿತ್ತು. ಬರಹ ತೆಗೆದರೆ ಮತ್ತೆ ಸುಮ್ಮನಾಗುತ್ತಿತ್ತು. ನನಗೆ ಅಳು ಬರುವಷ್ಟಾಗಿತ್ತು, ಗಡುವಿಗೆ ಹತ್ತು ದಿನ ಉಳಿದಿತ್ತು.

"ನೋಡೋಕೆ ಹೋದ್ರೆ ಅವಿತ್ಕೊಳ್ಳುತ್ತೆ" ಅಂದರು ಅವರು. "ಅದಕ್ಕೆ ಗೊತ್ತಾಗ್ದಂಗೆ ನೋಡ್ಬೇಕು."

ಮಾರನೆಯ ದಿನ ನನ್ನಿಂದ ಹಳೆಯ ಪ್ರಿಂಟರ್ ಕೇಬಲ್ ತರಿಸಿದರು. ಅದರ ತುದಿಗೆ ನಾಲ್ಕು ಪುಟ್ಟ ಕೆಂಪು ದೀಪ ಬೆಸುಗೆ ಹಾಕಿದರು. ಪರದೆಗೆ ಬರೆಯುವುದಕ್ಕಿಂತ ದೀಪ ಹೊತ್ತಿಸುವುದು ತುಂಬ ಚುರುಕು, ಡ್ರೈವರಿನ ಓಟಕ್ಕೆ ಅಡ್ಡಿಯಾಗುವುದಿಲ್ಲ. ಮಾಹಿತಿ ಬಂತು ಅಂತ ಕಾರ್ಡು ಡ್ರೈವರಿಗೆ ಗಂಟೆ ಹೊಡೆದರೆ ಒಂದು ದೀಪ, ಡ್ರೈವರ್ ಎದ್ದರೆ ಇನ್ನೊಂದು, ಮಾಹಿತಿ ಎತ್ತಿಕೊಂಡರೆ ಮೂರನೆಯದು, ವಾಪಸ್ಸು ಹೋಗಿ ಮಲಗಿದರೆ ನಾಲ್ಕನೆಯದು. ನಾವಿಬ್ಬರೂ ಆ ಸಂಜೆ ಮಣೆ ಹಾಕಿಕೊಂಡು ನಾಲ್ಕು ದೀಪ ನೋಡುತ್ತ ಕೂತೆವು. ಟೀ ಆರಿತು. ಎಷ್ಟೋ ಹೊತ್ತಿನ ಮೇಲೆ ಮಿನುಗುತ್ತಿದ್ದ ದೀಪಗಳು ನಿಂತುಬಿಟ್ಟವು. ಎರಡು ಹೊತ್ತಿದ್ದವು, ಎರಡು ಆರಿದ್ದವು. ಅಣ್ಣ ಬಹಳ ಹೊತ್ತು ಅದನ್ನೇ ನೋಡಿದರು.

ಆದದ್ದಿಷ್ಟು. ಮಾಹಿತಿ ಬಂದಾಗ ಕಾರ್ಡು ಗಂಟೆ ಹೊಡೆಯುತ್ತದೆ. ಡ್ರೈವರ್ ಬಂದು ಎಲ್ಲವನ್ನೂ ಎತ್ತಿಕೊಂಡು, ಗಂಟೆ ಕೇಳಿಸಿತು ಅಂತ ಕಾರ್ಡಿಗೆ ಹೇಳಿ ಹೋಗುತ್ತದೆ. ಎತ್ತಿಕೊಂಡದ್ದಕ್ಕೂ ಹೇಳಿದ್ದಕ್ಕೂ ನಡುವಿನ ಕೂದಲೆಳೆಯಷ್ಟು ಹೊತ್ತಿನಲ್ಲಿ ಇನ್ನೊಂದು ಮಾಹಿತಿ ಬಂದರೆ ಆ ಗಂಟೆ ಯಾರಿಗೂ ಕೇಳಿಸುವುದಿಲ್ಲ. ಕಾರ್ಡು ಹೇಳಿದ್ದೇನಲ್ಲ ಅಂತ ಕಾಯುತ್ತದೆ, ಡ್ರೈವರ್ ಗಂಟೆ ಹೊಡೆಯಲಿ ಅಂತ ಕಾಯುತ್ತದೆ. ಮಕ್ಕಳು ಜಾಸ್ತಿಯಾದಷ್ಟೂ ಆ ಗಳಿಗೆ ಬೇಗ ಒದಗುತ್ತಿತ್ತು. ಹೋಗುವ ಮುಂಚೆ ಇನ್ನೊಂದು ಸಲ ತಿರುಗಿ ನೋಡು ಅಂತ ಡ್ರೈವರಿಗೆ ಹೇಳಿದರೆ ಮುಗಿಯಿತು. ಮೂರು ವಾರದ ಕೊನೆಗೆ ಅವರು ಬರೆದದ್ದು ನಾಲ್ಕು ಸಾಲು.

ಶಾಲೆಯ ಇಪ್ಪತ್ತೂ ಯಂತ್ರಕ್ಕೆ ಅದನ್ನು ಹಾಕಿದೆ. ಒಂದು ವಾರ ಕಾದೆ. ಯಾವುದೂ ನಿಲ್ಲಲಿಲ್ಲ. ಹೆಡ್‌ಮಿಸ್ ಕಾಫಿ ತರಿಸಿಕೊಟ್ಟರು. ನನ್ನ ಕೆಲಸ ಉಳಿಯಿತು.

ಅಣ್ಣ ಆ ನಾಲ್ಕು ಸಾಲನ್ನು ಕರ್ನಲ್ ನೋಡಿಕೊಳ್ಳುವವರಿಗೆ ಇ-ಮೇಲಿನಲ್ಲಿ ಕಳಿಸಿದರು. ಆ ಡ್ರೈವರಿನ ಉಸ್ತುವಾರಿ ಇದ್ದದ್ದು ಯಾವುದೋ ಹಿಮ ಬೀಳುವ ದೇಶದ ಒಬ್ಬರ ಕೈಯಲ್ಲಿ. ಮೊದಲು ಅವರು ಒಪ್ಪಲಿಲ್ಲ. ನಿಮ್ಮ ಕಾರ್ಡೇ ಕೆಟ್ಟಿರಬಹುದು, ಪುರಾವೆ ಏನು ಅಂದರು. ಅಣ್ಣನ ಇಂಗ್ಲಿಷು ನನ್ನದಕ್ಕಿಂತ ಸ್ವಲ್ಪ ವಾಸಿ ಅನ್ನುವಷ್ಟಿತ್ತು. ಎರಡು ದಿನ ಕೂತು, ನಾಲ್ಕು ದೀಪದ ಕಥೆಯನ್ನು ಒಂದೊಂದೇ ಹೆಜ್ಜೆಯಾಗಿ ಬರೆದು ಕಳಿಸಿದರು. ಮೂರನೆಯ ದಿನ ಉತ್ತರ ಬಂತು. ಚೆನ್ನಾಗಿ ಹಿಡಿದಿದ್ದೀರಿ, ಸೇರಿಸಿದ್ದೇನೆ ಅಂತ. ಕರ್ನಲಿನ ಮುಂದಿನ ಆವೃತ್ತಿಯಲ್ಲಿ ಆ ನಾಲ್ಕು ಸಾಲಿತ್ತು, ಬದಲಾವಣೆಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಅವರು ಹೆಸರಿನ ಮೇಲೆ ಬೆರಳಿಟ್ಟು ಕೂತಿದ್ದರು.

ಆಮೇಲೆ ಒಂದೂವರೆ ವರ್ಷ ಅವರ ಒಳ್ಳೆಯ ಕಾಲ ಅಂತ ನನ್ನ ಎಣಿಕೆ. ಕಂಡಕಂಡ ಊರಿನಿಂದ ಅಪರಿಚಿತರು ಕೆಲಸ ಮಾಡದ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಕರಕರ ಅನ್ನುವ ಸೌಂಡ್ ಕಾರ್ಡು, ನಿದ್ದೆ ಹೋದರೆ ಏಳದ ಡಿಸ್ಕಿನ ಕಾರ್ಡು. ಕವರುಗಳ ಮೇಲಿನ ವಿಳಾಸ ಸಾಕ್ಷಿಗಾಗುತ್ತದೆ ಅಂತ ದೊಡ್ಡಣ್ಣ ಅವನ್ನು ಬಿಡದೆ ಲಾಯರಿಗೆ ಒಯ್ಯುತ್ತಿದ್ದರು. ಒಳಗಿದ್ದದ್ದು ಏನು ಅಂತ ಒಮ್ಮೆಯೂ ಕೇಳಲಿಲ್ಲ. ಅಣ್ಣ ಬೆಳಿಗ್ಗೆ ಎದ್ದು ಕಲ್ಲಿಗೆ ನೀರು ಹಾಕಿ, ಬೇಲಿಯುದ್ದಕ್ಕೂ ಒಂದು ಸುತ್ತು ನಡೆದು, ಕಂಪ್ಯೂಟರಿನ ಮುಂದೆ ಕೂತರೆ ಹೊರಗಿನ ಗೇಟು ಮರೆಯುತ್ತಿದ್ದರು. ಮರೆಯುತ್ತಿದ್ದರು ಅಂತ ನಾನಂದುಕೊಂಡಿದ್ದೆ... ಒಂದು ದಿನ ಅವರ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಬಸ್ಸಿನ ಸಮಯಗಳ ಪಟ್ಟಿ ನೋಡಿದೆ. ಮುಖ್ಯರಸ್ತೆಯಲ್ಲಿ ಹೋಗುವ ಬಸ್ಸುಗಳ ಸದ್ದು ಕೇಳಿ ಬರೆದಿಟ್ಟದ್ದು. ಯಾವ ಬಸ್ಸು ತಡ, ಯಾವುದು ಆವತ್ತು ಬರಲೇ ಇಲ್ಲ ಎಲ್ಲವೂ ಇತ್ತು. ಯಾತಕ್ಕಣ್ಣಾ ಅಂದೆ. ಸುಮ್ನೆ ಅಂದರು.

ಆ ಹಿಮದ ದೇಶದವರು ಬೆಂಗಳೂರಿಗೆ ಬರುವ ಸುದ್ದಿ ಬಂದದ್ದು ಆಮೇಲೆ. ಓಪನ್ ಸೋರ್ಸ್ ಆಸಕ್ತರು ಜಯನಗರದ ಒಂದು ಹಾಲಿನಲ್ಲಿ ಭಾನುವಾರ ಸೇರುವವರಿದ್ದರು. ನೀವು ಬಂದು ಆ ನಾಲ್ಕು ದೀಪದ ಕಥೆ ಹೇಳಬೇಕು, ನಿಮ್ಮನ್ನು ನೋಡಬೇಕೆಂದೇ ನಾನು ಒಂದು ದಿನ ಹೆಚ್ಚು ಉಳಿಯುತ್ತಿದ್ದೇನೆ ಅಂತ ಅವರು ಬರೆದಿದ್ದರು. ಅಣ್ಣ ಆ ಪತ್ರವನ್ನು ಅಚ್ಚು ಹಾಕಿಸಿ ಮಡಿಸಿ ಇಟ್ಟುಕೊಂಡಿದ್ದರು. ದೊಡ್ಡಣ್ಣನನ್ನು ಒಂದು ದಿನ ಬಂದು ಕೂರಿ ಅಂತ ಕೇಳಿದರು. ಅವರಿಗೆ ಆವತ್ತು ಹೆಂಡತಿಯ ಕಡೆಯವರ ಗೃಹಪ್ರವೇಶ. "ಮುಂದಿನ ವಾರ ಹೋಗು, ಏನ್ ಓಡೋಗುತ್ತಾ?" ಅಂದರಂತೆ. ಎಲ್ಲಿಗೆ, ಯಾಕೆ ಅಂತ ಇವರೂ ಹೇಳಿರಲಿಲ್ಲ. ಆ ಮನೆಯಲ್ಲಿ ಹೇಳಿದರೆ ತಿಳಿಯುವ ಮಾತಾಗಿರಲಿಲ್ಲ ಅದು.

"ನಾ ಕೂಡ್ತೇನ್ರಿ ಅಣ್ಣಾ" ಅಂದೆ. "ಒಂದಿನದ ಮಾತು. ನೀವ್ ಹೋಗಿ ಬರ್ರಿ."

ಬೇಡ ಅಂದರು. ಎರಡು ದಿನ ಬೇಡ ಅಂದು, ಶನಿವಾರ ಒಪ್ಪಿದರು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಅವರನ್ನು ಪ್ಯಾಂಟಿನಲ್ಲಿ ನೋಡಿದ್ದು ಅದೇ ಮೊದಲು. ಬೀಗದಕೈ ಕೊಟ್ಟು, ಯಾರಿಗೂ ಗೇಟು ತೆಗೆಯಬೇಡಿ, ಯಾರಾದರೂ ಬಂದರೆ ಮನೆಗೆ ಫೋನು ಮಾಡಿ ಅಂದರು. ನಾಲ್ಕು ಗಂಟೆಯೊಳಗೆ ಬರ್ತೀನಿ ಅಂದರು. ಬಸ್ ಸ್ಟಾಪಿನವರೆಗೆ ಹೋಗುವಾಗ ಮೂರು ಸಲ ತಿರುಗಿ ನೋಡಿದರು.

ಹನ್ನೆರಡು ಗಂಟೆ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಅಜ್ಜಿ ಬಂದು ನಿಂತರು. ಎಂಬತ್ತರ ಆಸುಪಾಸು, ಬಾಗಿದ ಬೆನ್ನು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹೂವು, ಅರಿಶಿನ, ತೆಂಗಿನಕಾಯಿ. ಹಿಂದೆ ಇಬ್ಬರು ಹೆಂಗಸರು. ಗಂಡಸರು ಯಾರೂ ಕಾಣಲಿಲ್ಲ.

"ಒಳಗಡೆ ನಮ್ಮ ಮನೆದೇವ್ರ ಕಲ್ಲೈತೆ ಕಣಪ್ಪ" ಅಂದರು ಅಜ್ಜಿ. "ಈ ಮನೆಗೆ ಸೊಸೆಯಾಗಿ ಬಂದಾಗ್ನಿಂದ ನೀರು ಹಾಕಿದೀನಿ. ಆರು ವರ್ಸ ಆಯ್ತು, ಒಳಗೆ ಬಿಟ್ಟಿಲ್ಲ. ಒಂದು ಕಾಯಿ ಒಡೆದು ಹೊಂಟೋಗ್ತೀನಿ."

ಬಿಸಿಲು ನೆತ್ತಿಯ ಮೇಲಿತ್ತು. ಕಲ್ಲು ನಿಜವಾಗಿ ಇತ್ತು, ಅಣ್ಣ ದಿನವೂ ನೀರು ಹಾಕುವುದನ್ನು ನಾನೇ ನೋಡಿದ್ದೆ. ಯಾರಿಗೂ ಅಂದರೆ ದೇವರಿಗೆ ಕಾಯಿ ಒಡೆಯಲು ಬಂದ ಮುದುಕಿಗೂ ಅಂತಲೇ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಫೋನು ಮಾಡಬೇಕಿತ್ತು. ಮಾಡಲಿಲ್ಲ. ಬೀಗ ತೆಗೆದೆ.

ಅಜ್ಜಿ ಪೂಜೆ ಮಾಡಿದ್ದು ಸುಳ್ಳಲ್ಲ. ಕಲ್ಲಿಗೆ ಅರಿಶಿನ ಹಚ್ಚುವಾಗ ಅವರ ಕಣ್ಣಲ್ಲಿ ನೀರಿತ್ತು. ಕಾಯಿ ಒಡೆದು ಒಂದು ಹೋಳನ್ನೂ ಬಾಳೆಹಣ್ಣನ್ನೂ ನನ್ನ ಕಡೆ ನೀಡಿದರು. ನಾನು ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದೆ. ಹಿಂದೆ ಗೇಟು ಕಿರ್ರೆಂದಿತು. ನಾಲ್ವರು ಗಂಡಸರು ಒಳಗೆ ಬಂದಿದ್ದರು.

ಯಾರೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಅವರಲ್ಲಿ ಹಿರಿಯವನು, "ಇದಕ್ಕೂ ನಿಮಗೂ ಸಂಬಂಧ ಇಲ್ಲ ಗುರು. ಸಾಮಾನು ಏನಿದೆ ತಗೊಂಡು ಹೊರಡಿ" ಅಂದ. ನಾನು ಶೆಡ್ಡಿಗೆ ಓಡಿ ದೊಡ್ಡಣ್ಣನ ಮನೆಗೆ ಫೋನು ಮಾಡಿದೆ. ಗಂಟೆ ಹೊಡೆಯುತ್ತಲೇ ಇತ್ತು. ಎಲ್ಲರೂ ಗೃಹಪ್ರವೇಶಕ್ಕೆ ಹೋಗಿದ್ದರು. ಹಿಂದೆಯೇ ಬಂದ ಆ ಹಿರಿಯವನು ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು ಇಟ್ಟ. ಕಂಪ್ಯೂಟರು ಭಾರವಿತ್ತು ಅಂತ ಒಬ್ಬ ಹೊರಗೆ ತಂದಿಡಲು ಸಹಾಯವನ್ನೂ ಮಾಡಿದ. ಹೊಸ ಬೀಗ ಬಿತ್ತು. ಅಜ್ಜಿ ಬೇವಿನ ಮರದ ಕೆಳಗೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

ಎದುರಿನ ಮೋರಿಕಟ್ಟೆಯ ಮೇಲೆ ಮಾನಿಟರು, ಡಬ್ಬಿಗಳು, ಅಚ್ಚು ಹಾಳೆಯ ಕಂತೆ ಇಟ್ಟುಕೊಂಡು ಮೂರು ಗಂಟೆ ಕೂತಿದ್ದೆ. ಕೈಯಲ್ಲಿದ್ದ ಕಾಯಿಹೋಳು ಏನಾಯಿತೋ ನೆನಪಿಲ್ಲ.

ಅಣ್ಣ ಮೂರೂವರೆಗೆ ಬಂದರು. ದೂರದಿಂದ ಬರುವಾಗ ಅವರ ನಡಿಗೆಯೇ ಬೇರೆ ಥರ ಇತ್ತು, ಕೈಬೀಸಿಕೊಂಡು ನಡೆಯುತ್ತಿದ್ದರು. ಹತ್ತಿರ ಬಂದಾಗ ಬೀಗ ಕಂಡಿತು. ನಿಂತರು. ಆಮೇಲೆ ಬಂದು ನನ್ನ ಪಕ್ಕ ಕೂತರು.

"ನಿಮಗೇನೂ ಮಾಡ್ಲಿಲ್ಲ ತಾನೆ?"

ನಾನು ನಡೆದದ್ದು ಹೇಳಿದೆ. ಹೇಳುವಾಗ ಅತ್ತೆ. ಅವರು ಗೇಟಿನ ಕಡೆ ನೋಡುತ್ತ, "ದೊಡ್ಡಮ್ಮ ಪೂಜೆ ಮಾಡಿದ್ರಾ?" ಅಂತ ಕೇಳಿದರು. ಮಾಡಿದರು ಅಂದೆ. "ಸರಿ" ಅಂದರು.

ಪೊಲೀಸು ಠಾಣೆಗೆ ಹೋದೆವು. ಕೋರ್ಟಿನಲ್ಲಿರುವ ವಿಷಯ, ಕೋರ್ಟಿನಲ್ಲೇ ಹೇಳಿ ಅಂದರು. ಸಂಜೆ ರೇಷ್ಮೆ ಪಂಚೆಯಲ್ಲೇ ದೊಡ್ಡಣ್ಣ ಓಡಿಬಂದರು. ಹಿಂದೆಯೇ ತಾಯಿ, ಅತ್ತಿಗೆ. ದೊಡ್ಡಣ್ಣ ಬೀಗವನ್ನು ಹಿಡಿದು ಎಳೆದು ನೋಡಿ, ತಿರುಗಿ ಕೇಳಿದರು: "ಗೇಟು ತೆಗ್ದಿದ್ಯಾರು?"

ನಾನು ಬಾಯಿ ತೆರೆದೆ. ಅಣ್ಣ ಮುಂದೆ ಬಂದರು.

"ನಾನೇ. ಬೀಗ ಹಾಕ್ದೆ ಹೊರಗೆ ಹೋಗಿದ್ದೆ."

"ಎಲ್ಲಿಗೆ?"

"ಸುಮ್ನೆ. ಜಯನಗರಕ್ಕೆ."

ದೊಡ್ಡಣ್ಣ ಕೈ ಎತ್ತಲಿಲ್ಲ. "ಆರು ವರ್ಷ" ಅಂದರು, ಮತ್ತೊಮ್ಮೆ "ಆರು ವರ್ಷ ಕಣೋ" ಅಂದರು, ಮೋರಿಕಟ್ಟೆಯ ಮೇಲೆ ಕುಸಿದು ಕೂತರು. ತಾಯಿ ಕಿರಿಯ ಮಗನ ಮುಖ ನೋಡಲಿಲ್ಲ. ಆ ಹೊತ್ತಿನಲ್ಲಿ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅಣ್ಣ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಬೇಡ ಅಂತ. ನಾನು ಅದನ್ನೇ ಕಾಯುತ್ತಿದ್ದವನ ಹಾಗೆ ಬಾಯಿ ಮುಚ್ಚಿಕೊಂಡೆ. ಅವರು ಬೇಡ ಅಂದರು ಅನ್ನುವ ಸಮಾಧಾನವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಅದು ಎಷ್ಟು ಟೊಳ್ಳು ಅಂತಲೂ ಗೊತ್ತು.

ಶೆಡ್ಡು ಹೋದ ಮೇಲಾದರೂ ಅವರು ಬಿಡುಗಡೆಯಾದರು ಅಂತ ನೀವಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಅವರನ್ನು ಸಿಮೆಂಟು ಅಂಗಡಿಯಲ್ಲಿ ಕೂರಿಸಿದರು. ಮೂರು ತಿಂಗಳ ಮೇಲೆ ಹೋಗಿ ನೋಡಿದೆ. ಕಬ್ಬಿಣದ ಸರಳುಗಳ ನಡುವೆ ಒಂದು ಸ್ಟೂಲು, ಮುಂಗೈಯೆಲ್ಲ ಬೂದು ಧೂಳು. ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ಎದುರಿಗೇ ಬಸ್ಸುಗಳು ಓಡುತ್ತಿದ್ದವು, ಯಾವುದಕ್ಕೂ ತಲೆ ಎತ್ತುತ್ತಿರಲಿಲ್ಲ. ಕಂಪ್ಯೂಟರು ಅಟ್ಟದ ಮೇಲಿದೆ ಅಂದರು. ಮನೆಯ ಫೋನಿಗೆ ಜೋಡಿಸಿದರೆ ಗಿರಾಕಿಗಳ ಕರೆ ಸಿಗುವುದಿಲ್ಲ ಅಂತ ದೊಡ್ಡಣ್ಣ ಬೇಡ ಅಂದರಂತೆ. ಆ ಹಿಮದ ದೇಶದವರು ಎಲ್ಲಿದ್ದೀರಿ, ಇನ್ನೊಂದು ಕಾರ್ಡಿನ ತೊಂದರೆ ಇದೆ ಅಂತ ಕರ್ನಲಿನವರ ಸಾರ್ವಜನಿಕ ಇ-ಮೇಲ್ ಪಟ್ಟಿಗೆ ಬರೆದದ್ದನ್ನು ಸೈಬರ್ ಕೆಫೆಯಲ್ಲಿ ಅಚ್ಚು ಹಾಕಿಸಿ ಒಯ್ದುಕೊಟ್ಟೆ. ಓದಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

"ಉತ್ತರ ಬರೀರಿ ಅಣ್ಣಾ."

"ಏನಂತ ಬರೀಲಿ?"

ಇನ್ನೊಮ್ಮೆ ಹೋದೆ. ಆಮೇಲೆ ಹೋಗಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನುತ್ತಿರಲಿಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು. ಮದುವೆಯಾಯಿತು, ಸ್ವಂತ ಅಂಗಡಿ ಹಾಕಿದೆ, ಕನಕಪುರ ರಸ್ತೆಗೆ ಹೋಗುವ ಕೆಲಸವಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆ...

ಹೋದ ತಿಂಗಳು, ಆ ಚೀಟಿ ಸಿಕ್ಕ ಮೂರನೆಯ ದಿನ, ಜರಗನಹಳ್ಳಿಗೆ ಹೋದೆ. ರಸ್ತೆಯ ನಡುವೆ ಮೆಟ್ರೋ ಕಂಬಗಳು. ಸಿಮೆಂಟು ಅಂಗಡಿ ಇದ್ದಲ್ಲಿ ಮೊಬೈಲ್ ಶೋರೂಮು. ಹಳೆಯ ಮನೆಯ ಮೇಲೆ ಮೂರು ಮಹಡಿ ಎದ್ದಿತ್ತು, ಎಲ್ಲವೂ ಬಾಡಿಗೆಗೆ. ಕೆಳಗಿನ ಮನೆಯಲ್ಲಿ ಅತ್ತಿಗೆ ಸಿಕ್ಕರು, ತಲೆ ನರೆತಿತ್ತು. ಗುರುತು ಹಿಡಿದು ಒಳಗೆ ಕರೆದರು. ಗೋಡೆಯ ಮೇಲೆ ಅಣ್ಣನ ಫೋಟೋ, ಅದಕ್ಕೆ ಗಂಧದ ಹಾರ. ಹೋದ ವರ್ಷ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ಕೇಸು ರಾಜಿಯಾಗಿ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದು ಹತ್ತು ವರ್ಷವಾಯಿತಂತೆ. ಎರಡು ಮನೆ ಇವರ ಪಾಲಿಗೂ ಬಂದಿದೆ. ಅಣ್ಣ ಒಂದು ದಿನವೂ ಹೋಗಿ ನೋಡಲಿಲ್ಲವಂತೆ.

ಕಾಫಿ ಲೋಟ ಕೈಯಲ್ಲಿ ಹಿಡಿದು ನಾನು ಹೇಳಿದೆ. ಕಾಯಿ ಒಡೆಯಲು ಬಂದ ಅಜ್ಜಿಗೆ ಗೇಟು ತೆಗೆದದ್ದು ನಾನು ಅಂತ. ಒಳಗೆ ಕುಕ್ಕರು ಕೂಗಿತು, ಅತ್ತಿಗೆ ಎದ್ದು ಹೋಗಿ ಆರಿಸಿ ಬಂದರು.

"ದೊಡ್ಡತ್ತೆ ಕೇಳಿದ್ರೆ ನಾನೂ ತೆಗೀತಿದ್ದೆ" ಅಂದರು. ಮತ್ತೆ ಎದುರಿಗೆ ಕೂತು, "ಅವತ್ತು ಸಿನಿಮಾ ನೋಡೋಕೆ ಹೋಗಿದ್ರು ಅಂತ ಮನೇಲಿ ಈಗ್ಲೂ ಆಡ್ಕೋತಾರೆ. ಯಾರ್ ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಎಲ್ಲಿಗೆ ಹೋಗಿದ್ರು?"

ಹೇಳಿದೆ. ನಾಲ್ಕು ಸಾಲಿನ ಕಥೆ, ಹೊರದೇಶದಿಂದ ಬಂದವರು ಇವರಿಗಾಗಿ ಒಂದು ದಿನ ಉಳಿದದ್ದು, ಇವರು ವೇದಿಕೆ ಹತ್ತಿ ಮಾತಾಡಬೇಕಿದ್ದದ್ದು. ಫೋನಿನಲ್ಲಿ ಹುಡುಕಿ, ಹಳೆಯ ಪಟ್ಟಿಯಲ್ಲಿದ್ದ ಅವರ ಹೆಸರನ್ನು ತೋರಿಸಿದೆ. ಅತ್ತಿಗೆ ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಈಗಲೂ ಇದು ಕಂಪ್ಯೂಟರುಗಳಲ್ಲಿ ಇದೆಯಾ ಅಂತ ಕೇಳಿದರು. ಆ ಕಾರ್ಡುಗಳನ್ನು ಯಾರೂ ಬಳಸುವುದಿಲ್ಲ, ಆ ಡ್ರೈವರನ್ನು ತೆಗೆದುಹಾಕಿದ್ದಾರೆ ಅಂದೆ. ಬಹಳ ವರ್ಷ ಇತ್ತು ಅಂತಲೂ ಅಂದೆ.

ಅವರು ಫೋಟೋದ ಕಡೆ ತಿರುಗಿ ನೋಡಿದರು.

"ಚೆನ್ನಾಗಿ ಮಾತಾಡಿದ್ರಂತಾ ಅವತ್ತು?"

"ಹೌದ್ರೀ ಅಕ್ಕಾ" ಅಂದೆ. "ಎಲ್ಲಾರೂ ಚಪ್ಪಾಳಿ ತಟ್ಟಿದ್ರಂತ."

ನನಗೆ ಗೊತ್ತಿರಲಿಲ್ಲ. ಮೋರಿಕಟ್ಟೆಯ ಮೇಲೆ ಪಕ್ಕ ಪಕ್ಕ ಕೂತಾಗ ಬೀಗದ ಮಾತಾಡಿದೆವು. ಸಿಮೆಂಟು ಅಂಗಡಿಯಲ್ಲಿ ಎರಡು ಸಲ ಎದುರು ಬದುರು ಕೂತೆವು. ಆರು ವರ್ಷದಲ್ಲಿ ಒಂದೇ ದಿನ ತಮ್ಮ ಸಲುವಾಗಿ ಹೊರಗೆ ಹೋಗಿಬಂದ ಮನುಷ್ಯನನ್ನು, ಅಲ್ಲಿ ಹೇಗಿತ್ತು ಅಣ್ಣಾ ಅಂತ ನಾನು ಒಂದು ಸಲವೂ ಕೇಳಲಿಲ್ಲ.